ಚೀಲದಲ್ಲೇ ಊಟವಿದೆ, ಬಾಟಲಿಗೆ ಅವಸರವೇಕೆ?

ಜರ್ಮನಿಯಲ್ಲಿ ಕುಂಡದ ಮಣ್ಣಿನ ಚೀಲ ಕೊಂಡವರು ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡಬೇಕು. ಅಲ್ಲಿ ಸಣ್ಣ ಅಕ್ಷರಗಳಲ್ಲಿ ಕೆಲವು ಅಂಕಿಗಳಿರುತ್ತವೆ: ರಸಸಾರ ಎಷ್ಟು, ಲವಣಾಂಶ ಎಷ್ಟು, ಒಂದು ಲೀಟರ್ ಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಸಾರಜನಕ, ಎಷ್ಟು ರಂಜಕ, ಎಷ್ಟು ಪೊಟ್ಯಾಷ್. ಆ ದೇಶದ ಗೊಬ್ಬರ ನಿಯಮಾವಳಿಯ ಪ್ರಕಾರ ಅಚ್ಚಾಗುವ ಈ ಅಂಕಿಗಳು ಗಿಡದ ಮುಂದಿನ ಒಂದೂವರೆ ತಿಂಗಳ ಹಣೆಬರಹವನ್ನು ಹೇಳುತ್ತವೆ. ಚೀಲದ ಮುಂಬದಿಯ ಹಸಿರು ಚಿತ್ರವನ್ನಷ್ಟೇ ನೋಡಿ, ಜೊತೆಗೆ ನಾಲ್ಕು ಬಾಟಲಿ ದ್ರವಗೊಬ್ಬರವನ್ನೂ ಬುಟ್ಟಿಗೆ ಹಾಕಿಕೊಂಡವರ ಗಿಡ ಹಸಿವಿನಿಂದ ಸಾಯುವುದು ಅಪರೂಪ. ಅದು ನರಳುವುದು ಅಜೀರ್ಣದಿಂದ.

ಈ ಮಾತು ಟೊಮೆಟೊಗೂ ಸಲ್ಲುತ್ತದೆ, ಗುಲಾಬಿಗೂ ಸಲ್ಲುತ್ತದೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಇದರ ಬಿಸಿ ಹೆಚ್ಚು ತಟ್ಟಿರುವುದು ಗಾಂಜಾ ಗಿಡಕ್ಕೆ. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ಕಾನೂನಿನಂತೆ ಜರ್ಮನಿಯಲ್ಲಿ 18 ವರ್ಷ ದಾಟಿದವರು ತಮ್ಮ ಸ್ವಂತ ಬಳಕೆಗೆ ಮನೆಯಲ್ಲಿ ಮೂರು ಗಿಡ ಬೆಳೆಸಬಹುದು, ಒಣಗಿಸಿದ ಹೂವನ್ನು ಮನೆಯಲ್ಲಿ 50 ಗ್ರಾಂವರೆಗೆ ಇಟ್ಟುಕೊಳ್ಳಬಹುದು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದಲೇ ಮನೆಗೆ ನಾಲ್ಕು ಗಿಡಗಳ ಅವಕಾಶವಿದೆ. ಕ್ವಿಬೆಕ್ ಪ್ರಾಂತ್ಯ ಅದನ್ನು ನಿಷೇಧಿಸಿದಾಗ ಆ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಹೀಗೆ, ಜೀವನದಲ್ಲಿ ಒಂದು ಗಿಡವನ್ನೂ ನೆಟ್ಟಿರದವರು ಈಗ ಈ ದೇಶಗಳಲ್ಲಿ ಬಾಲ್ಕನಿಯಲ್ಲೋ ಬಟ್ಟೆಯ ಗುಡಾರದಲ್ಲೋ ಕುಂಡ ಇಟ್ಟುಕೊಂಡಿದ್ದಾರೆ. ಗಾಂಜಾ ಸೇವನೆ ಸರಿಯೋ ತಪ್ಪೋ ಎಂಬುದು ಬೇರೆಯೇ ವಾದ. ಕಾನೂನು ಒಪ್ಪಿದ ಮೇಲೆ ಗಿಡವನ್ನು ಹೇಗೆ ಸಾಕಬೇಕು, ಅದರ ಬುಡಕ್ಕೆ ಸುರಿದದ್ದು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ತೋಟಗಾರಿಕೆಯ ಪ್ರಶ್ನೆ, ನೀರಿನ ಪ್ರಶ್ನೆ.

ಭಾರತದಲ್ಲಿ ಈ ಬಾಗಿಲು ತೆರೆದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 1985ರ ಮಾದಕವಸ್ತು ಕಾಯ್ದೆಯ 20ನೇ ಕಲಮಿನಂತೆ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕರ್ನಾಟಕದ ಮನೆಯ ಕುಂಡದಲ್ಲಿರುವ ಒಂದೇ ಗಿಡಕ್ಕೂ ಈ ಕಲಮು ಅನ್ವಯಿಸುತ್ತದೆ. ಮುಂದಿನ ಮಾತೆಲ್ಲ ಅದು ಕಾನೂನುಬದ್ಧವಾಗಿರುವ ನಾಡುಗಳದ್ದು.

ಗೊಬ್ಬರ ಬೆರೆಸಿದ ಮಣ್ಣು ಎಂದು ಅಲ್ಲಿ ಮಾರುವುದು ಹೊಲದ ಮಣ್ಣಲ್ಲ. ಬಹುಪಾಲು ಅದು ಪೀಟ್: ಸಾವಿರಾರು ವರ್ಷ ಜೌಗಿನಲ್ಲಿ ಅರೆಬರೆ ಕೊಳೆತು ನಿಂತ ಪಾಚಿ. ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಗುರ, ಬೇರಿಗೆ ಗಾಳಿ ಆಡುತ್ತದೆ. ಆದರೆ ಅದರಲ್ಲಿ ಆಹಾರವೆಂಬುದು ಹೆಚ್ಚುಕಡಿಮೆ ಇಲ್ಲ, ಜೊತೆಗೆ ಅದು ಹುಳಿ; ರಸಸಾರ ನಾಲ್ಕರ ಆಸುಪಾಸು. ಹಾಗಾಗಿ ತಯಾರಕರು ಸುಣ್ಣದ ಪುಡಿ ಸೇರಿಸಿ ರಸಸಾರವನ್ನು ಆರರ ಹತ್ತಿರಕ್ಕೆ ತರುತ್ತಾರೆ. ಡಾಲಮೈಟ್ ಸುಣ್ಣವಾದರೆ ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಕೂಡ ಬಂದಹಾಗಾಯಿತು. ಆಮೇಲೆ ಪುಡಿ ಗೊಬ್ಬರ. ಯೂರೋಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು 14-16-18 ಎಂಬ ಮಿಶ್ರಣ. ಘನಮೀಟರಿಗೆ ಒಂದು ಕಿಲೋದಿಂದ ಒಂದೂವರೆ ಕಿಲೋ ಬೆರೆಸುವುದು ವಾಡಿಕೆ.

ಗಿಡದ ವಯಸ್ಸಿಗೆ ತಕ್ಕಂತೆ ಮಣ್ಣಿಗೇ ಆಹಾರ ಅಳೆದು ಹಾಕುವ ಈ ಯೋಚನೆ ಹೊಸದಲ್ಲ. 1930ರ ದಶಕದಲ್ಲಿ ಲಂಡನ್ ಬಳಿಯ ಮರ್ಟನ್‌ನಲ್ಲಿದ್ದ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯಲ್ಲಿ ವಿಲಿಯಂ ಲಾರೆನ್ಸ್ ಮತ್ತು ಜೆ. ನ್ಯೂವೆಲ್ ಕುಂಡದ ಮಣ್ಣಿಗೊಂದು ಸಿದ್ಧಸೂತ್ರ ಕಂಡುಹಿಡಿದರು. ಬೀಜ ಬಿತ್ತುವ ಮಣ್ಣು ಬೇರೆ. ನೆಟ್ಟ ಸಸಿಗೆ ಒಂದನೇ ನಂಬರು, ಬೆಳೆದದ್ದಕ್ಕೆ ಎರಡನೇ ನಂಬರು, ದೊಡ್ಡ ಗಿಡಕ್ಕೆ ಮೂರನೇ ನಂಬರು. ಎರಡರಲ್ಲಿ ಗೊಬ್ಬರ ಇಮ್ಮಡಿ, ಮೂರರಲ್ಲಿ ಮುಮ್ಮಡಿ. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಆಂಟನ್ ಫ್ರುಸ್ಟೋರ್ಫರ್ ಪೀಟ್ ಮತ್ತು ಜೇಡಿ ಬೆರೆಸಿದ ಏಕರೂಪದ ಮಣ್ಣನ್ನು ತಂದಾಗಲೂ ಎಳೆ ಸಸಿಗೆ ಒಂದು ಬಗೆ, ಕುಂಡದ ಗಿಡಕ್ಕೆ ಇನ್ನೊಂದು ಬಗೆ ಎಂಬ ವಿಂಗಡಣೆ ಬಂತು. ಸಸಿಯ ಮಣ್ಣಿನಲ್ಲಿ ಗೊಬ್ಬರ ಕಡಿಮೆ, ಏಕೆಂದರೆ ಎಳೆ ಬೇರು ಉಪ್ಪನ್ನು ತಡೆಯದು. ತೊಂಬತ್ತು ವರ್ಷಗಳ ಹಿಂದೆಯೇ ಗೊತ್ತಿದ್ದ ಈ ಸಂಗತಿಯನ್ನು ಇವತ್ತಿನ ಗಾಂಜಾ ಬೆಳೆಗಾರ ಮತ್ತೆ ಮೊದಲಿನಿಂದ, ಎಲೆ ಸುಟ್ಟುಕೊಂಡು ಕಲಿಯುತ್ತಿದ್ದಾನೆ.

ಲೆಕ್ಕ ಹಾಕಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಘನಮೀಟರಿಗೆ ಒಂದು ಕಿಲೋ ಎಂದರೆ ಲೀಟರಿಗೆ ಒಂದು ಗ್ರಾಂ ಗೊಬ್ಬರ. ಅದರಲ್ಲಿ ಸಾರಜನಕ ನೂರಕ್ಕೆ 14, ಅಂದರೆ 140 ಮಿಲಿಗ್ರಾಂ. ಹತ್ತು ಲೀಟರ್ ಕುಂಡದಲ್ಲಿ 1.4 ಗ್ರಾಂ ಸಾರಜನಕ ಗಿಡಕ್ಕಾಗಿ ಕಾದಿರುತ್ತದೆ. ಗಿಡ ಇನ್ನೂ ಚಿಕ್ಕದು, ಒಣಗಿಸಿ ತೂಗಿದರೆ ಐದು ಗ್ರಾಂ ಬರಬಹುದು ಎಂದುಕೊಳ್ಳೋಣ. ಒಣತೂಕದಲ್ಲಿ ನೂರಕ್ಕೆ ನಾಲ್ಕರಷ್ಟು ಸಾರಜನಕ ಎಂದು ಹಿಡಿದರೂ ಅದು ಅಲ್ಲಿಯವರೆಗೆ ತಿಂದಿರುವುದು 0.2 ಗ್ರಾಂ. ಕುಂಡದಲ್ಲಿ ಅದರ ಆರು ಪಟ್ಟು ಇನ್ನೂ ಉಳಿದಿದೆ. ಆ ವಾರದಲ್ಲಿ ಬಾಟಲಿ ತೆರೆಯುವವರು ಗಿಡಕ್ಕೆ ಊಟ ಹಾಕುತ್ತಿಲ್ಲ, ಬೇರಿನ ಸುತ್ತ ಉಪ್ಪು ಕಟ್ಟುತ್ತಿದ್ದಾರೆ.

ಅದೇ ಲೆಕ್ಕವನ್ನು ಮುಂದುವರಿಸಿದರೆ ಇನ್ನೊಂದು ಸತ್ಯವೂ ಹೊರಬರುತ್ತದೆ. ಗಿಡ ಬೆಳೆದು ಕಾಂಡ, ಎಲೆ, ಹೂ ಸೇರಿ ಒಣತೂಕ ನೂರು ಗ್ರಾಂ ಮುಟ್ಟಿದರೆ, ನೂರಕ್ಕೆ ಮೂರರಂತೆ ಹಿಡಿದರೂ ಅದಕ್ಕೆ ಮೂರು ಗ್ರಾಂ ಸಾರಜನಕ ಬೇಕು. ಚೀಲ ಕೊಟ್ಟದ್ದು ಅದರ ಅರ್ಧಕ್ಕಿಂತ ಕಡಿಮೆ. ನೀರಿನ ಜೊತೆ ಕುಂಡದ ತೂತಿನಿಂದ ಹರಿದುಹೋದದ್ದನ್ನು ಕಳೆದರೆ ಇನ್ನೂ ಕಡಿಮೆ. ಆದ್ದರಿಂದ ಗೊಬ್ಬರ ಬೆರೆಸಿದ ಮಣ್ಣಿಗೆ ಕೊಯ್ಲಿನವರೆಗೂ ಬರೀ ನೀರು ಸಾಕು ಎನ್ನುವವರ ಮಾತು ಪುಟ್ಟ ಕುಂಡದ ದೊಡ್ಡ ಗಿಡಕ್ಕೆ ಒಪ್ಪುವುದಿಲ್ಲ. ಮೊದಲ ದಿನದಿಂದಲೇ ಕೊಡಿ ಎನ್ನುವವರದೂ ತಪ್ಪು, ಎಂದೂ ಕೊಡಬೇಡಿ ಎನ್ನುವವರದೂ ತಪ್ಪು. ಹೊಸ ಮಣ್ಣಿಗೆ ವರ್ಗಾಯಿಸಿದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸುಮ್ಮನಿರಬೇಕು. ಲಘು ಗೊಬ್ಬರದ ಸಸಿಮಣ್ಣಾದರೆ ಎರಡು ಮೂರು ವಾರ. ಅಷ್ಟರಲ್ಲಿ ದೊಡ್ಡ ಕುಂಡಕ್ಕೆ, ಮತ್ತೆ ಹೊಸ ಮಣ್ಣಿಗೆ ಬದಲಾಯಿಸಿದರೆ ಲೆಕ್ಕ ಪುನಃ ಶುರು, ಏಕೆಂದರೆ ಹೊಸ ಮಣ್ಣೂ ಹೊಸ ಊಟವೇ.

ತೊಂದರೆ ಬರುವುದು ಬಾಟಲಿಯ ಜೊತೆ ಸಿಗುವ ವಾರವಾರದ ಪಟ್ಟಿಯಿಂದ. ಒಂದನೇ ವಾರ ಇಷ್ಟು ಮಿಲಿಲೀಟರ್, ಎರಡನೇ ವಾರ ಇಷ್ಟು, ಹೂ ಕಟ್ಟಿದ ಮೇಲೆ ಇನ್ನೊಂದು ಬಾಟಲಿ. ಇಂಥ ಬಹಳಷ್ಟು ಪಟ್ಟಿಗಳ ಹಿಂದಿರುವ ಅನುಭವ ತೆಂಗಿನ ನಾರಿನ ಪುಡಿ, ರಾಕ್‌ವೂಲ್ ಎಂಬ ಕಲ್ಲಿನ ಉಣ್ಣೆ, ನೀರಿನಲ್ಲೇ ಬೇರು ಇಳಿಬಿಟ್ಟ ವ್ಯವಸ್ಥೆ ಮುಂತಾದವುಗಳದ್ದು. ಅಲ್ಲಿ ಬೇರಿನ ಸುತ್ತ ಆಹಾರವೇ ಇರುವುದಿಲ್ಲ. ಎಲ್ಲವೂ ನೀರಿನಲ್ಲೇ ಬರಬೇಕು. ಅದೇ ಪಟ್ಟಿಯನ್ನು ಮೊದಲೇ ಉಣಿಸಿಟ್ಟ ಮಣ್ಣಿಗೆ ಹಚ್ಚಿದರೆ ಗಿಡಕ್ಕೆ ಎರಡು ಅಡುಗೆಮನೆಗಳ ಊಟ ಒಟ್ಟಿಗೆ ಬಡಿಸಿದಂತೆ. ಮೊದಲು ಎಲೆಯ ತುದಿ ಕಂದಾಗಿ ಸುಡುತ್ತದೆ. ಹಸಿರು ಕಡುವಾಗಿ, ಎಲೆ ಕೆಳಕ್ಕೆ ಉಗುರಿನಂತೆ ಬಾಗುತ್ತದೆ. ಬೇರಿನ ಹೊರಗೆ ಉಪ್ಪು ಹೆಚ್ಚಾದಾಗ ನೀರು ಒಳಗೆ ಹೋಗಲು ಒದ್ದಾಡುತ್ತದೆ. ಒದ್ದೆ ಮಣ್ಣಿನಲ್ಲಿ ನಿಂತೂ ಗಿಡ ಬಾಡಿದಂತೆ ಕಾಣುತ್ತದೆ. ಪೊಟ್ಯಾಷ್ ಅತಿಯಾದರೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಹೀರುವುದಕ್ಕೆ ಅಡ್ಡಿಯಾಗಿ ಎಲೆಯ ನರಗಳ ನಡುವೆ ಹಳದಿ ಮೂಡುತ್ತದೆ. ಆ ಹಳದಿಯನ್ನು ಹಸಿವೆಂದು ಓದಿ ಇನ್ನೊಂದು ಬಾಟಲಿ ತರುವವರೇ ಹೆಚ್ಚು. ನೀರು ಹೆಚ್ಚಾಗಿ ಬೇರು ಉಸಿರುಗಟ್ಟಿದರೂ ಎಲೆ ಹಳದಿಯಾಗುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಕೆಲವು ಚೀಲಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಳದಿಯೋ ಹಸಿರೋ ಬಣ್ಣದ ಪುಟ್ಟ ಗುಂಡುಗಳು ಮಣ್ಣಿನಲ್ಲಿ ಕಂಡರೆ ಅವು ಪಾಲಿಮರ್ ಹೊದಿಕೆಯ, ನಿಧಾನವಾಗಿ ಬಿಡುಗಡೆಯಾಗುವ ಗೊಬ್ಬರ. ಮೂರು ತಿಂಗಳು, ಆರು ತಿಂಗಳು ಎಂದು ಅದರ ಮೇಲೆ ಬರೆಯುವ ಅವಧಿ 21 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮಣ್ಣಿಗೆ ಲೆಕ್ಕ ಹಾಕಿದ್ದು. ಬಿಸಿ ಏರಿದಂತೆ ಹೊದಿಕೆ ಬೇಗ ಬಿಡುತ್ತದೆ. ದೀಪದ ಕೆಳಗೆ 28 ಡಿಗ್ರಿ ಇರುವ ಗುಡಾರದಲ್ಲಿ ಆ ಗುಂಡುಗಳು ಹೇಳಿದ್ದಕ್ಕಿಂತ ಮೊದಲೇ ಖಾಲಿಯಾಗುತ್ತವೆ, ಅಂದರೆ ಮೊದಲ ವಾರಗಳಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತವೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಇದೇ ಗೊಬ್ಬರವನ್ನು ದಾಸವಾಳಕ್ಕೆ ಹಾಕುವವರೂ ಇದನ್ನು ಗಮನದಲ್ಲಿಡಬೇಕು.

ಗಾಂಜಾಕ್ಕೆ ವಿಶೇಷ ಹಸಿವಿದೆ, ಅದಕ್ಕೆ ಎಷ್ಟು ಕೊಟ್ಟರೂ ಸಾಲದು ಎಂಬ ನಂಬಿಕೆ ನಿಷೇಧದ ದಶಕಗಳಲ್ಲಿ ಬೆಳೆದದ್ದು. ಆಗ ಇದರ ಮೇಲೆ ಬಹಿರಂಗವಾಗಿ ಪ್ರಯೋಗ ಮಾಡುವುದೇ ಕಷ್ಟವಿತ್ತು. ಟೊಮೆಟೊಗೆ ಇದ್ದಂಥ ವಿಶ್ವವಿದ್ಯಾಲಯದ ಸಲಹೆ ಇದಕ್ಕಿರಲಿಲ್ಲ, ಆ ಜಾಗವನ್ನು ಅಂಗಡಿಯ ಮಾತು ತುಂಬಿತು. ಈಗ ಪ್ರಯೋಗಗಳು ನಡೆದಿವೆ. ಇಸ್ರೇಲಿನ ವೊಲ್ಕಾನಿ ಕೇಂದ್ರದಲ್ಲಿ ಅವಿಯಾ ಸಲೋನರ್ ಮತ್ತು ನಿರಿತ್ ಬರ್ನ್‌ಸ್ಟೀನ್ ನೀರಿನಲ್ಲಿ ಸಾರಜನಕದ ಪ್ರಮಾಣವನ್ನು ಲೀಟರಿಗೆ 30ರಿಂದ 320 ಮಿಲಿಗ್ರಾಂವರೆಗೆ ಬದಲಿಸಿ ನೋಡಿದರು. ಗಿಡ ಚೆನ್ನಾಗಿ ಬೆಳೆದದ್ದು 160ರಲ್ಲಿ. ಅದನ್ನು ದಾಟಿದರೆ ಲಾಭವಿಲ್ಲ. ಹೂವಿನ ಹಂತದಲ್ಲಿ ಸಾರಜನಕ ಏರಿದಷ್ಟೂ ಹೂವಿನಲ್ಲಿ ಔಷಧೀಯ ಅಂಶಗಳ ಸಾಂದ್ರತೆ ಇಳಿಯಿತು. ಯಾವುದಕ್ಕಾಗಿ ಗಿಡ ಬೆಳೆಸುತ್ತಾರೋ ಅದೇ ತೆಳ್ಳಗಾಯಿತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಯೂಬಿನ್ ಝೆಂಗ್ ಅವರ ತಂಡ ತೆಂಗಿನ ನಾರಿನ ಮಿಶ್ರಣದಲ್ಲಿ ಸಾವಯವ ದ್ರವಗೊಬ್ಬರ ಕೊಟ್ಟು ನಡೆಸಿದ ಪ್ರಯೋಗದಲ್ಲೂ, ಗೊಬ್ಬರ ಹೆಚ್ಚಿಸಿದಂತೆ ಇಳುವರಿಯ ಜೊತೆಗೇ ಇಂಥದ್ದೇ ತೆಳುವಾಗುವಿಕೆ ಕಂಡುಬಂತು.

ರಂಜಕದ ಕಥೆ ಇನ್ನೂ ಖಚಿತ. ಹೂ ಬಿಡುವಾಗ ರಂಜಕ ಸುರಿಯಬೇಕು ಎಂಬುದು ಈ ವ್ಯಾಪಾರದ ಅತಿ ಗಟ್ಟಿ ನಂಬಿಕೆ. ಹೂವಿನ ಚಿತ್ರವಿರುವ ದುಬಾರಿ ಬಾಟಲಿಗಳೆಲ್ಲ ಅದರ ಮೇಲೆ ನಿಂತಿವೆ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಮಿಚೆಲ್ ವೆಸ್ಟ್‌ಮೋರ್‌ಲ್ಯಾಂಡ್ ಮತ್ತು ಬ್ರೂಸ್ ಬಗ್ಬೀ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೀಟರಿಗೆ 25, 50, 75 ಮಿಲಿಗ್ರಾಂ ರಂಜಕ ಕೊಟ್ಟು ಹೋಲಿಸಿದರು. ಇಳುವರಿಯಲ್ಲೂ ಗುಣದಲ್ಲೂ ವ್ಯತ್ಯಾಸ ಬರಲಿಲ್ಲ. ಹೆಚ್ಚು ಕೊಟ್ಟಾಗ ಹೆಚ್ಚಿದ್ದು ಕುಂಡದ ತೂತಿನಿಂದ ಹೊರಬಂದ ನೀರಿನ ರಂಜಕ. ಗಿಡ ಬೇಡವೆಂದದ್ದು ಚರಂಡಿಗೆ ಹೋಯಿತು.

ಅತಿಯಾಗಿ ಉಣಿಸಿದವರು ಆಮೇಲೆ ತೊಳೆಯಲು ಹೊರಡುತ್ತಾರೆ. ಕೊಯ್ಲಿಗೆ ಎರಡು ವಾರ ಮೊದಲು ಕುಂಡಕ್ಕೆ ಬರೀ ನೀರು ಸುರಿದು ಉಳಿದ ಗೊಬ್ಬರವನ್ನೆಲ್ಲ ಹೊರಹಾಕುವ ಪದ್ಧತಿ ಅಲ್ಲಿ ವ್ರತದಂತೆ ನಡೆಯುತ್ತದೆ. ಗಿಡದೊಳಗೆ ಸೇರಿಹೋದ ಖನಿಜ ನೀರು ಸುರಿದ ಮಾತ್ರಕ್ಕೆ ಹೊರಬರುವುದಿಲ್ಲ. ಹೊರಬರುವುದು ಕುಂಡದಲ್ಲಿದ್ದ ನೈಟ್ರೇಟ್, ಮತ್ತು ಅದನ್ನು ಅಲ್ಲಿಗೆ ಹಾಕಿದವರೂ ಅವರೇ. ಮಿತವಾಗಿ ಕೊಟ್ಟಿದ್ದರೆ ಕೊನೆಯ ವಾರಗಳಲ್ಲಿ ಮಣ್ಣಿನ ಆಹಾರ ತಾನಾಗಿ ತೀರಿ, ಬುಡದ ಎಲೆಗಳು ಹಳದಿಯಾಗಿ, ಅವುಗಳಲ್ಲಿದ್ದ ಸಾರಜನಕ ಮೇಲಿನ ಹೂಗಳಿಗೆ ಏರುತ್ತದೆ. ಆ ಹಳದಿ ರೋಗವಲ್ಲ. ಗದ್ದೆಯ ಭತ್ತ ಹಣ್ಣಾಗುವಾಗ ಅದರ ಬುಡದ ಎಲೆ ಒಣಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರು ಕುಂಡಗಳಿಂದ ಏನಾದೀತು ಎಂದು ಕೇಳಬಹುದು. ಜರ್ಮನಿಯಲ್ಲಿ ನೈಟ್ರೇಟ್ ಸಣ್ಣ ಮಾತಲ್ಲ. ಕೃಷಿಯ ನೈಟ್ರೇಟ್ ಅಂತರ್ಜಲಕ್ಕೆ ಇಳಿಯುವುದನ್ನು ತಡೆಯಲು ಸಾಕಷ್ಟು ಕ್ರಮ ಕೈಗೊಂಡಿಲ್ಲವೆಂದು ಯೂರೋಪಿನ ನ್ಯಾಯಾಲಯ 2018ರ ಜೂನ್‌ನಲ್ಲಿ ಆ ದೇಶದ ವಿರುದ್ಧ ತೀರ್ಪು ಕೊಟ್ಟಿತು. 2020ರಲ್ಲಿ ಗೊಬ್ಬರದ ನಿಯಮ ಬಿಗಿಯಾಯಿತು. ಅಲ್ಲಿನ ರೈತ ಹೊಲಕ್ಕೆ ಗೊಬ್ಬರ ಹಾಕುವ ಮೊದಲು ಬೆಳೆಗೆ ಎಷ್ಟು ಬೇಕು, ಮಣ್ಣಿನಲ್ಲಿ ಎಷ್ಟಿದೆ ಎಂದು ಲೆಕ್ಕ ಬರೆದಿಡಬೇಕು. ಕುಂಡದವರಿಗೆ ಅಂಥ ಕಾನೂನು ತರಬೇಕೆಂದು ಯಾರೂ ಹೇಳಲಾರರು. ಆದರೆ ಹೊಲದವನಿಗೆ ಮಣ್ಣಿನಲ್ಲಿರುವುದನ್ನು ಕಳೆದು ಉಳಿದದ್ದನ್ನು ಕೊಡು ಎಂದು ಹೇಳುವ ನಾಡಿನಲ್ಲಿ, ಬಾಲ್ಕನಿಯವನಿಗೂ ಅದೇ ಪಾಠ ಹೇಳುವವರು ಬೇಕು. ಅದಕ್ಕೆ ಜಾಗವೂ ಇದೆ. 2024ರ ಜುಲೈ 1ರಿಂದ ಅಲ್ಲಿ 500 ಸದಸ್ಯರವರೆಗಿನ ಬೆಳೆಗಾರರ ಸಂಘಗಳಿಗೆ ಅವಕಾಶ ಸಿಕ್ಕಿದೆ. ಅವು ಬೀಜ, ಕಡ್ಡಿಗಳನ್ನೂ ಕೊಡಬಹುದು. ಕಡ್ಡಿಯ ಜೊತೆ ಒಂದು ಪುಟದ ಕಾಗದ ಕೊಟ್ಟು, ಚೀಲದ ಅಂಕಿ ಓದುವುದು ಹೇಗೆ, ಮೊದಲ ವಾರಗಳಲ್ಲಿ ಕೈ ಕಟ್ಟಿಕೊಂಡಿರುವುದು ಏಕೆ ಎಂದು ಹೇಳಿದರೆ ಅರ್ಧ ತಪ್ಪುಗಳು ನಿಲ್ಲುತ್ತವೆ.

ಕೈಯಲ್ಲೊಂದು ಅಳತೆಯೂ ಇರಬೇಕು. ಅಮೆರಿಕದ ನರ್ಸರಿಗಳಲ್ಲಿ ರೂಢಿಯಲ್ಲಿರುವ ಸರಳ ಪರೀಕ್ಷೆಯೊಂದಿದೆ: ಕುಂಡಕ್ಕೆ ಎಂದಿನಂತೆ ನೀರು ಹಾಕಿ, ಒಂದು ಗಂಟೆ ಬಿಟ್ಟು ಇನ್ನೊಂದಿಷ್ಟು ನೀರು ಸುರಿದು, ತಳದಿಂದ ಇಳಿದದ್ದನ್ನು ಹಿಡಿದು, ಅಗ್ಗದ ಲವಣಮಾಪಕವನ್ನು ಅದರಲ್ಲಿ ಅದ್ದುವುದು. ಸ್ಥೂಲವಾಗಿ ಹೇಳುವುದಾದರೆ, ಅಂಕಿ (ಸೆಂಟಿಮೀಟರಿಗೆ ಮಿಲಿಸೀಮನ್ಸ್ ಲೆಕ್ಕದಲ್ಲಿ) 3 ದಾಟಿದ್ದರೆ ನೀರಷ್ಟೇ ಸಾಕು. 1ರ ಕೆಳಗಿಳಿದಿದ್ದರೆ ಗಿಡ ಹಸಿದಿದೆ, ಬಾಟಲಿಯಲ್ಲಿ ಹೇಳಿದ್ದರ ಅರ್ಧದಿಂದ ಶುರುಮಾಡಬಹುದು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ, ಅದು ಗಿಡದ್ದಲ್ಲ, ಮಣ್ಣಿನದ್ದು. ಜೌಗು ಬರಿದು ಮಾಡಿ ಪೀಟ್ ತೆಗೆದರೆ ಸಾವಿರಾರು ವರ್ಷ ಹೂತಿದ್ದ ಇಂಗಾಲ ಗಾಳಿಗೆ ಸೇರುತ್ತದೆ. ಹಾಗಾಗಿ ಹವ್ಯಾಸಿ ತೋಟಗಾರರ ಮಣ್ಣಿನಿಂದ 2026ರ ಹೊತ್ತಿಗೆ ಪೀಟನ್ನು ಪೂರ್ತಿ ಬಿಡಿಸುವ ಗುರಿಯನ್ನು ಜರ್ಮನಿ ಸರ್ಕಾರ 2022ರಲ್ಲಿ ಇಟ್ಟುಕೊಂಡಿತು. ಅದರ ಜಾಗಕ್ಕೆ ಬರುತ್ತಿರುವುದು ಮರದ ನಾರು, ತೊಗಟೆ, ಎಲೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ. ತಿಪಟೂರು, ಅರಸೀಕೆರೆ ಕಡೆಯ ನಾರಿನ ಕಾರ್ಖಾನೆಗಳ ಹಿಂದೆ ಒಂದು ಕಾಲಕ್ಕೆ ಯಾರಿಗೂ ಬೇಡದೆ ಗುಡ್ಡೆ ಬಿದ್ದಿರುತ್ತಿದ್ದ ಪುಡಿಯೇ ಇವತ್ತು ಭಾರತದ ತೆಂಗಿನ ನಾರಿನ ರಫ್ತಿನಲ್ಲಿ ಅತಿ ದೊಡ್ಡ ಬಾಬತ್ತು. ನೆದರ್ಲೆಂಡ್ಸ್ ಅದರ ಮುಖ್ಯ ಗಿರಾಕಿಗಳಲ್ಲೊಂದು.

ಮಣ್ಣು ಬದಲಾದರೆ ಊಟದ ಲೆಕ್ಕವೂ ಬದಲಾಗುತ್ತದೆ. ನಾರಿನ ಪುಡಿಯಲ್ಲಿ ಸಹಜವಾಗಿಯೇ ಪೊಟ್ಯಾಷ್ ಮತ್ತು ಸೋಡಿಯಂ ಇದೆ; ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸದಿದ್ದರೆ ಅದು ಗಿಡಕ್ಕೆ ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ತಾನೇ ಹಿಡಿದುಕೊಳ್ಳುತ್ತದೆ. ಮರದ ನಾರು ಕೊಳೆಯುವಾಗ ಸೂಕ್ಷ್ಮಜೀವಿಗಳು ಸಾರಜನಕವನ್ನು ಕಸಿದುಕೊಳ್ಳುತ್ತವೆ, ಆದ್ದರಿಂದ ಅಂಥ ಮಿಶ್ರಣದ ಗಿಡ ಪೀಟಿನ ಗಿಡಕ್ಕಿಂತ ಬೇಗ ಹಸಿಯಬಹುದು. ಎಲೆಗೊಬ್ಬರ ಹೆಚ್ಚಿದ್ದರೆ ಪೊಟ್ಯಾಷ್ ಮತ್ತು ಉಪ್ಪು ಮೊದಲೇ ಜಾಸ್ತಿ. ಹಿಂದಿನ ವರ್ಷ ಆರು ವಾರ ಕಾದು ಗೆದ್ದವರು ಈ ವರ್ಷ ಬೇರೆ ಚೀಲ ತಂದು ಅದೇ ಆರು ವಾರ ಕಾದರೆ ಸೋಲಬಹುದು. ಕ್ಯಾಲೆಂಡರು ನೋಡಿ ಉಣಿಸುವುದು ಏಕೆ ತಪ್ಪು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ತಾರಸಿ ತೋಟಗಳಲ್ಲಿ ಬೆಳೆಯುವುದು ಬದನೆ, ಮೆಣಸಿನಕಾಯಿ, ಬಸಳೆ. ಆದರೆ ಅಲ್ಲಿಯೂ ನಡೆಯುವುದು ಇದೇ. ಕೊಕೊಪೀಟ್, ಎರೆಗೊಬ್ಬರ, ಬೇವಿನ ಹಿಂಡಿ ಬೆರೆಸಿದ ತಯಾರಿ ಮಿಶ್ರಣದ ಚೀಲ ತಂದು, ಅದರ ಮೇಲೆ ಮತ್ತೆ ಹಿಂಡಿ ನೀರು, ಮತ್ತೆ ಎರೆಜಲ, ಮತ್ತೆ ಒಂದು ಚಮಚ ಸಂಯುಕ್ತ ಗೊಬ್ಬರ. ಬದನೆ ಎಲೆಯೆಲೆಯಾಗಿ ಹಬ್ಬಿ ಹೂ ಬಿಡದೆ ನಿಲ್ಲುತ್ತದೆ, ಮೆಣಸಿನ ಚಿಗುರಿಗೆ ಹೇನು ಹತ್ತುತ್ತದೆ. ಸಾವಯವ ಎಂದ ಮಾತ್ರಕ್ಕೆ ಅತಿಯಾಗುವುದಿಲ್ಲ ಎಂಬ ಭ್ರಮೆ ಬೇಡ. ಬೇರಿಗೆ ಮುಟ್ಟುವಾಗ ಅದೂ ನೈಟ್ರೇಟೇ.

ಯೂರಿಯಾ ಚೀಲದ ಮೇಲೆ ಸಾರಜನಕ ನೂರಕ್ಕೆ 46 ಎಂದು ಅಚ್ಚು ಹಾಕದೆ ನಮ್ಮಲ್ಲಿ ಮಾರುವಂತಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶ ಅದನ್ನು ನೋಡಿಕೊಳ್ಳುತ್ತದೆ. ನರ್ಸರಿಯಲ್ಲಿ ಸಿಗುವ ಕುಂಡದ ಮಿಶ್ರಣದ ಚೀಲಗಳ ಮೇಲೆ ಮಾತ್ರ ಹಲವು ಬಾರಿ ತೂಕ, ಬೆಲೆ ಮತ್ತು ‘ಸಮೃದ್ಧ ಪೋಷಕಾಂಶ’ ಎಂಬ ಎರಡು ಪದ. ರಸಸಾರ, ಲವಣಾಂಶ, ಮತ್ತು ಮೂರು ಮುಖ್ಯ ಪೋಷಕಾಂಶಗಳು ಲೀಟರಿಗೆ ಎಷ್ಟು ಎಂಬುದನ್ನು ಕನ್ನಡದಲ್ಲಿ ಮುದ್ರಿಸಲು ತಯಾರಕರಿಗೆ ದೊಡ್ಡ ಖರ್ಚೇನೂ ಇಲ್ಲ. ಪರೀಕ್ಷೆ ಮಾಡುವ ಪ್ರಯೋಗಾಲಯಗಳು ರಾಜ್ಯದಲ್ಲೇ ಇವೆ. ತೋಟಗಾರಿಕೆ ಇಲಾಖೆ ಇದನ್ನು ಕಡ್ಡಾಯ ಮಾಡಿಸಲು ಮುಂದಾಗಬೇಕು. ಅಲ್ಲಿಯವರೆಗೆ ಚೀಲ ಕೊಳ್ಳುವವರು ಅಂಗಡಿಯವರನ್ನು ಕೇಳುತ್ತಲೇ ಇರಲಿ: ಇದರಲ್ಲಿ ಗೊಬ್ಬರ ಬೆರೆಸಿದ್ದೀರಾ, ಬೆರೆಸಿದ್ದರೆ ಎಷ್ಟು?